ಬೈಂಡಿಂಗ್‌ಗಿಂತ ಮೊದಲು ಪಾದ

ಮೊದಲ ಸಲ ಸ್ನೋಬೋರ್ಡ್ ಕಲಿಯಲು ಹೊರಡುವವರು ದುಡ್ಡು ಎಣಿಸುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಹಲಗೆ, ಅದರ ಉದ್ದ, ಅದರ ಮೇಲಿನ ಚಿತ್ರ, ಆಮೇಲೆ ಆ ಹಲಗೆಗೆ ಕಾಲನ್ನು ಬಿಗಿಯುವ ಬೈಂಡಿಂಗ್, ಮಿಕ್ಕ ಹಣದಲ್ಲಿ ಬೂಟು. ಈ ಕ್ರಮ ಪೂರ್ತಿ ತಲೆಕೆಳಗಾದದ್ದು. ಕಲಿಯುವವರ ಪಾದಕ್ಕೆ ಬೂಟು ಸರಿಯಾಗಿ ಕೂತರೆ ಬೈಂಡಿಂಗ್ ಆಯ್ಕೆಯ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ಬೂಟು ಕೂರದಿದ್ದರೆ ಎಂಥ ದುಬಾರಿ ಬೈಂಡಿಂಗ್ ತಂದರೂ ಕಾಲಿಗೂ ಹಲಗೆಗೂ ನಡುವಿನ ಸಡಿಲು ಹೋಗುವುದಿಲ್ಲ. ಅಂಗಡಿಗಳಿಗೆ ಮಾತ್ರ ಈ ಮಾತು ಅಷ್ಟೇನೂ ಪ್ರಿಯವಲ್ಲ. ಬೈಂಡಿಂಗ್ ಬಗ್ಗೆ ಹೇಳಲು ಅವರಿಗೆ ಕಾರ್ಬನ್ ನಾರು, ಅಲ್ಯೂಮಿನಿಯಂ ತಳ, ಹತ್ತರಲ್ಲಿ ಎಂಟು ಅಂಕದ ಗಡುಸು ಎಂಬ ಆಕರ್ಷಕ ಸಂಗತಿಗಳಿವೆ. ಕೊಳ್ಳುವವರ ಪಾದದ ಬಗ್ಗೆ ಹೇಳಬೇಕಾದರೆ ಅದನ್ನು ಅಳೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಓದುಗರಿಗೆ ಹಿಮದ ಆಟದ ಉಸಾಬರಿ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಲ್ಲುವಷ್ಟು ಬಿಸಿಲಿರುವ ಸೀಮೆ ಇದು. ಆದರೆ ಹಿಮದ ಆಟಗಳಿಗೂ ಕರ್ನಾಟಕಕ್ಕೂ ನಂಟೇ ಇಲ್ಲ ಎನ್ನುವ ಕಾಲ ಕಳೆದುಹೋಗಿದೆ. 2024ರ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಪದಕಪಟ್ಟಿಯಲ್ಲಿ ಸೇನಾ ತಂಡದ ನಂತರದ ಎರಡನೆಯ ಸ್ಥಾನ ಕರ್ನಾಟಕದ್ದಾಗಿತ್ತು. ಹಿಮಾಲಯದ ಮಡಿಲಿನ ರಾಜ್ಯಗಳು ನಮ್ಮ ಹಿಂದೆ ನಿಂತವು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಹಿಮದ ಮೇಲೆ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ರಾಜ್ಯಕ್ಕೆ ಚಿನ್ನ ತಂದವರು. ಕಾಫಿ ತೋಟದ ನಾಡಿನವರಿಗೆ ಇದು ಸಾಧ್ಯವಾದರೆ ಕಡಲೆಕಾಯಿ ಹೊಲದ ನಾಡಿನವರಿಗೆ ಅಸಾಧ್ಯವೇನಲ್ಲ. ಪಟ್ಟನಾಯಕನಹಳ್ಳಿಯಲ್ಲಿ ಬಸ್ಸು ಹತ್ತಿ ಶಿರಾಕ್ಕೆ ಬಂದು, ಹೆದ್ದಾರಿ ಹಿಡಿದು ಬೆಂಗಳೂರು ತಲುಪಿದವರಿಗೆ ಶ್ರೀನಗರ ಈಗ ಒಂದು ದಿನದ ದಾರಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಾಖಂಡದ ಔಲಿಯಲ್ಲಿ, ಮನಾಲಿ ಬಳಿಯ ಸೋಲಾಂಗ್‌ನಲ್ಲಿ ಕಲಿಸುವವರಿದ್ದಾರೆ. ಹೋಗುವವರು ಹೋಗಿಯೇ ಹೋಗುತ್ತಾರೆ. ಏನು ಕೊಂಡು ಹೋಗಬೇಕು, ಏನನ್ನು ಕೊಳ್ಳದೆ ಹೋಗಬೇಕು ಎಂಬುದಷ್ಟೇ ಉಳಿದ ಪ್ರಶ್ನೆ.

ಕಾಲನ್ನು ಹಿಮದ ಮೇಲಿನ ಸಾಧನಕ್ಕೆ ಜೋಡಿಸುವ ಬಗೆಗಳು ಮುಖ್ಯವಾಗಿ ಮೂರು. ಮೂರರ ತರ್ಕವೂ ಬೇರೆ ಬೇರೆ. ಭವಾನಿಯವರ ಆಟದಲ್ಲಿ ಬೂಟಿನ ತುದಿ ಮಾತ್ರ ಸ್ಕೀಗೆ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಸಮತಟ್ಟಿನಲ್ಲೂ ಏರಿನಲ್ಲೂ ಓಡಬೇಕಾದವರಿಗೆ ಹಿಮ್ಮಡಿ ಏಳಲೇಬೇಕು. ಇಳಿಜಾರಿನ ಆಲ್ಪೈನ್ ಸ್ಕೀಯಲ್ಲಿ ತುದಿಯೂ ಹಿಮ್ಮಡಿಯೂ ಬಂಧಿ; ಆದರೆ ಬಿದ್ದಾಗ ಮೊಣಕಾಲು ತಿರುಚಿ ಎಲುಬು ಮುರಿಯದಂತೆ, ಒಂದು ಮಿತಿಗಿಂತ ಹೆಚ್ಚು ಬಲ ಬಿದ್ದೊಡನೆ ಬೈಂಡಿಂಗ್ ತಾನಾಗಿ ಕಳಚುತ್ತದೆ. ಆ ಮಿತಿಯನ್ನು ಸ್ಕೀಗಾರನ ತೂಕ, ಎತ್ತರ, ವಯಸ್ಸು, ಅನುಭವ ನೋಡಿ ನಿಗದಿ ಮಾಡಲು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಸ್ನೋಬೋರ್ಡ್ ಬೈಂಡಿಂಗ್ ಮಾತ್ರ ಕಳಚುವುದಿಲ್ಲ. ಎರಡೂ ಪಾದ ಒಂದೇ ಹಲಗೆಗೆ, ಸುಮಾರು ಅಡ್ಡಲಾಗಿ, ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಬಿದ್ದರೂ ಹಾಗೆಯೇ ಇರುತ್ತವೆ. ಇದು ತಯಾರಕರ ಅಲಕ್ಷ್ಯವಲ್ಲ. ಎರಡು ಉದ್ದನೆಯ ಸ್ಕೀಗಳು ಎರಡು ದಿಕ್ಕಿಗೆ ಎಳೆದಾಗ ಮೊಣಕಾಲಿಗೆ ಬೀಳುವಂಥ ತಿರುಚು, ಎರಡೂ ಕಾಲು ಒಂದೇ ಹಲಗೆಯ ಮೇಲಿರುವಾಗ ಅಷ್ಟಾಗಿ ಬೀಳುವುದಿಲ್ಲ. ಅದರ ಬದಲು ಒಂದು ಕಾಲು ಕಳಚಿ ಇನ್ನೊಂದು ಮಾತ್ರ ಸಿಕ್ಕಿಕೊಂಡರೆ ಆಗ ಅಪಾಯ. ಹಾಗಾಗಿ ಇಲ್ಲಿ ಬೈಂಡಿಂಗ್‌ನ ಕೆಲಸ ಒಂದೇ: ಹಿಡಿದುಕೊಳ್ಳುವುದು.

ಮೊದಮೊದಲು ಈ ಹಿಡಿತವೂ ಇರಲಿಲ್ಲ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶೆರ್ಮನ್ ಪಾಪೆನ್ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಒಂದಕ್ಕೊಂದು ಜೋಡಿಸಿ ಒಂದು ಆಟಿಕೆ ಮಾಡಿಕೊಟ್ಟ. 'ಸ್ನರ್ಫರ್' ಎಂಬ ಹೆಸರಿನಲ್ಲಿ ಅದು ಭರ್ಜರಿಯಾಗಿ ಮಾರಾಟವಾಯಿತು. ಮೂತಿಗೆ ಒಂದು ಹಗ್ಗ, ಅದನ್ನು ಹಿಡಿದು ನಿಲ್ಲುವುದು, ಅಷ್ಟೇ. ಜೇಕ್ ಬರ್ಟನ್ ಕಾರ್ಪೆಂಟರ್ 1977ರಲ್ಲಿ ವರ್ಮಾಂಟ್‌ನಲ್ಲಿ ಹಲಗೆ ತಯಾರಿಸಲು ತೊಡಗಿದ. 1979ರಲ್ಲಿ ಸ್ನರ್ಫರ್ ಸ್ಪರ್ಧೆಗೆ ಅವನು ಕಾಲುಪಟ್ಟಿ ಇದ್ದ ಹಲಗೆಯೊಂದಿಗೆ ಬಂದಾಗ ಆಕ್ಷೇಪ ಎದ್ದು, ಕೊನೆಗೆ ಅವನಿಗಾಗಿ ಪ್ರತ್ಯೇಕ ವಿಭಾಗವನ್ನೇ ತೆರೆಯಬೇಕಾಯಿತು. ಆಕ್ಷೇಪಿಸಿದವರ ಅನುಮಾನದಲ್ಲಿ ಹುರುಳಿತ್ತು. ಕಾಲು ಹಲಗೆಗೆ ಅಂಟಿಕೊಂಡರೆ ಆಟವೇ ಬೇರೆಯಾಗುತ್ತದೆ. ಹಿಮದ ಮೇಲೆ ತಿರುಗುವುದೆಂದರೆ ಹಲಗೆಯ ಒಂದು ಅಂಚನ್ನು ಎತ್ತಿ ಇನ್ನೊಂದು ಅಂಚನ್ನು ಹಿಮಕ್ಕೆ ಕಚ್ಚಿಸುವುದು. ಹಿಮ್ಮಡಿಯ ಕಡೆಯ ಅಂಚು ಕಚ್ಚಬೇಕಾದರೆ ಸವಾರ ಹಿಂದಕ್ಕೆ ಒರಗುತ್ತಾನೆ. ಮೀನಖಂಡ ಬೈಂಡಿಂಗ್‌ನ ಹಿಂಬದಿಯ ಹೈಬ್ಯಾಕನ್ನು ಒತ್ತುತ್ತದೆ, ಆ ಒತ್ತಡದಿಂದ ಬೆರಳಿನ ಕಡೆಯ ಅಂಚು ಮೇಲೇಳುತ್ತದೆ. ಬೆರಳಿನ ಕಡೆಯ ಅಂಚು ಕಚ್ಚಬೇಕಾದರೆ ಹಿಮ್ಮಡಿ ಎತ್ತುತ್ತಾನೆ; ಆಗ ಕಣಕಾಲಿನ ಮೇಲಿನ ಪಟ್ಟಿ ಹಲಗೆಯನ್ನು ಮೇಲಕ್ಕೆಳೆಯುತ್ತದೆ. ಈ ಎರಡು ಚಲನೆಗಳಲ್ಲೇ ಸ್ನೋಬೋರ್ಡಿಂಗ್‌ನ ಬಹುಪಾಲು ಅಡಗಿದೆ. ಈ ಚಲನೆಗಳಲ್ಲಿ ಬಲ ಹರಿಯುವುದು ಕಾಲಿನಿಂದ ಬೂಟಿಗೆ, ಬೂಟಿನಿಂದ ಬೈಂಡಿಂಗ್‌ಗೆ, ಅಲ್ಲಿಂದ ಹಲಗೆಗೆ. ಬೂಟಿನೊಳಗೆ ಹಿಮ್ಮಡಿ ಒಂದು ಸೆಂಟಿಮೀಟರ್ ಎದ್ದರೆ ಆ ಒಂದು ಸೆಂಟಿಮೀಟರಿನಷ್ಟು ಹೊತ್ತು ಹಲಗೆಗೆ ಸುದ್ದಿಯೇ ತಲುಪುವುದಿಲ್ಲ. ಕಲಿತವನು ಆ ತಡವನ್ನು ಅಂದಾಜಿಸಿ ತೂಗಿಸಿಕೊಂಡಾನು. ಕಲಿಯುವವನು ತಡವಾಯಿತೆಂದು ಇನ್ನಷ್ಟು ಬಾಗುತ್ತಾನೆ, ಹಲಗೆ ಒಮ್ಮೆಲೇ ತಿರುಗುತ್ತದೆ, ಬೀಳುತ್ತಾನೆ.

ಪಾದದ ವಿಷಯ ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುವುದು ಇಲ್ಲಿಯೇ. ಸ್ನೋಬೋರ್ಡ್ ಬೂಟುಗಳ ಅಚ್ಚು ಹುಟ್ಟಿದ್ದು ಬಾಲ್ಯದಿಂದಲೂ ಮುಚ್ಚಿದ ಬೂಟಿನೊಳಗೆ ಬೆಳೆದ ಪಾದಗಳಿಗಾಗಿ. ಬಿಸಿಲುನಾಡಿನ ಪಾದ ಬೆಳೆಯುವ ಬಗೆ ಬೇರೆ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಇಬ್ಬರು ಮೂಳೆತಜ್ಞರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ಪಡೆದು 1992ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತದೆ: ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲ ಮಕ್ಕಳಲ್ಲಿ ಆ ಪ್ರಮಾಣ ಶೇ 2.8 ಮಾತ್ರ. 2009ರಲ್ಲಿ ಬೆಲ್ಜಿಯಂನ ಸಂಶೋಧಕರು ದಕ್ಷಿಣ ಭಾರತದ ಬರಿಗಾಲ ನಡಿಗೆಯವರನ್ನು, ಪಾದರಕ್ಷೆ ಹಾಕುವ ಭಾರತೀಯರನ್ನು, ಪಾಶ್ಚಾತ್ಯರನ್ನು ಹೋಲಿಸಿದಾಗ ಬರಿಗಾಲಿನವರ ಪಾದ ಮುಂಭಾಗದಲ್ಲಿ ಹೆಚ್ಚು ಅಗಲ, ನಡೆಯುವಾಗಿನ ಭಾರ ಪಾದದ ತುಂಬ ಹೆಚ್ಚು ಸಮವಾಗಿ ಹಂಚಿಹೋಗುತ್ತದೆ ಎಂದು ಕಂಡುಬಂತು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇತ್ತೀಚೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಯುರೋಪ್-ಅಮೆರಿಕದವರಿಗಿಂತ ಭಾರತೀಯರ ಪಾದ ಅಗಲ ಎಂಬ ತೀರ್ಮಾನಕ್ಕೆ ಬಂತು. ನಮಗೇ ಪ್ರತ್ಯೇಕ ಅಳತೆಪಟ್ಟಿ ಬೇಕೆಂಬ 'ಭಾ' ಎಂಬ ಪ್ರಸ್ತಾವ ಹುಟ್ಟಿದ್ದು ಅದರಿಂದಲೇ. ಈ ಯಾವ ಅಧ್ಯಯನವೂ ಸ್ನೋಬೋರ್ಡಿನ ಮಾತೆತ್ತಿಲ್ಲ, ನಿಜ. ಆದರೆ ಕೆಂಪುಮಣ್ಣಿನ ಹೊಲದಲ್ಲಿ ಬರಿಗಾಲಿನಲ್ಲೋ ಹವಾಯಿ ಚಪ್ಪಲಿಯಲ್ಲೋ ಬೆಳೆದ, ಬೆರಳುಗಳು ಬಿಚ್ಚಿ ಹರಡಿಕೊಂಡ ಪಾದವನ್ನು ಕಿರಿದಾದ ವಿದೇಶಿ ಅಚ್ಚಿನೊಳಗೆ ತುರುಕಿದರೆ ಏನಾಗುತ್ತದೆ ಎಂದು ತಿಳಿಯಲು ಇನ್ನೊಂದು ಅಧ್ಯಯನ ಬೇಕಿಲ್ಲ. ಮುಂಭಾಗ ಹಿಂಡುತ್ತದೆ, ಹಿಂಡಿತೆಂದು ಒಂದು ಅಳತೆ ದೊಡ್ಡದನ್ನು ತೆಗೆದುಕೊಳ್ಳುತ್ತಾರೆ, ಈಗ ಬೆರಳಿಗೆ ಹಾಯ್, ಹಿಮ್ಮಡಿ ಮಾತ್ರ ಸಡಿಲ. ಆ ಸಡಿಲನ್ನು ಮುಚ್ಚಲು ಬೈಂಡಿಂಗ್ ಪಟ್ಟಿಯನ್ನು ಉಸಿರುಗಟ್ಟುವಂತೆ ಬಿಗಿಯುತ್ತಾರೆ. ರಕ್ತ ಸಂಚಾರ ಕುಂದಿ ಬೆರಳು ಮರಗಟ್ಟುತ್ತದೆ, ಅಂಗಾಲು ಸೆಳೆಯುತ್ತದೆ. ಬೈಂಡಿಂಗ್ ಸರಿಯಿಲ್ಲ ಎಂಬ ದೂರು ಹುಟ್ಟುವುದು ಆಗ.

ಮಧುಗಿರಿಯ ಏಕಶಿಲೆಯನ್ನು ಹತ್ತುವಾಗ ಪಾದಕ್ಕೆ ಸ್ವಾತಂತ್ರ್ಯವಿರುತ್ತದೆ. ಬಂಡೆಯಲ್ಲಿ ಕೊರೆದ ಕಿರುಮೆಟ್ಟಿಲನ್ನು ಬೆರಳು ಹಿಡಿಯುತ್ತದೆ, ಜಾರಿದರೆ ಮುಂದಿನ ಹೆಜ್ಜೆ ಸರಿಪಡಿಸುತ್ತದೆ. ಹಳೆಯ ಕ್ಯಾನ್ವಾಸ್ ಬೂಟಾದರೂ ನಡೆಯುತ್ತದೆ. ಸ್ನೋಬೋರ್ಡಿನಲ್ಲಿ ಹೆಜ್ಜೆಯೇ ಇಲ್ಲ. ಬೆಳಿಗ್ಗೆ ಕಟ್ಟಿದ ಕಾಲು ಮಧ್ಯಾಹ್ನದವರೆಗೆ ಅದೇ ಕೋನದಲ್ಲಿ, ಅದೇ ಒತ್ತಡದಲ್ಲಿ ಇರಬೇಕು. ಎತ್ತಿನ ಕೊರಳಿಗೆ ನೊಗ ಕೂರದಿದ್ದರೆ ಉಳುವವನು ಕಣ್ಣಿ ಬಿಗಿದು ಸುಧಾರಿಸುವುದಿಲ್ಲ, ಸಂಜೆಯೊಳಗೆ ಹೆಗಲು ಹುಣ್ಣಾಗುತ್ತದೆಂದು ಅವನಿಗೆ ಗೊತ್ತು. ಇಲ್ಲಿಯೂ ಅದೇ ನ್ಯಾಯ. ಹಾಗಾಗಿ ಮೊದಲ ಕೆಲಸ ಪಾದದ ಅಳತೆ. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಸೆಂಟಿಮೀಟರಿನಲ್ಲಿ ಅಳೆಯಬೇಕು, ಅಗಲವನ್ನೂ ಅಳೆಯಬೇಕು, ಎರಡೂ ಪಾದ ಒಂದೇ ಸಮ ಇರುವುದು ಕಡಿಮೆ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಸ್ನೋಬೋರ್ಡ್ ಬೂಟಿನ ಮೇಲೆ ಸೆಂಟಿಮೀಟರ್ ಅಳತೆ ಇದ್ದೇ ಇರುತ್ತದೆ, ಅದನ್ನೇ ನಂಬಬೇಕು. ನಮ್ಮ ಅಂಗಡಿಗಳ ಅಂಕಿ ಹೆಚ್ಚಾಗಿ ಬ್ರಿಟಿಷ್ ಪದ್ಧತಿಯದು, ಸ್ನೋಬೋರ್ಡ್ ಲೋಕದ್ದು ಅಮೆರಿಕದ್ದು. ಗಂಡಸರ ಅಳತೆಯಲ್ಲಿ ಸುಮಾರು ಒಂದರ ವ್ಯತ್ಯಾಸ. ಇಲ್ಲಿನ 8 ಅಲ್ಲಿ 9. ಇದನ್ನು ಗಮನಿಸದೆ ತರಿಸಿಕೊಂಡವರು ಬೆರಳು ಮಡಚಿ ನಿಲ್ಲಬೇಕಾಗುತ್ತದೆ. ಬೂಟು ತೊಟ್ಟು ನೇರ ನಿಂತಾಗ ಬೆರಳು ತುದಿಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ತುದಿಗಾಲಲ್ಲಿ ನಿಂತಾಗ ಹಿಮ್ಮಡಿ ಏಳಬಾರದು. ಕೆಲವು ಕಂಪನಿಗಳು ಅಗಲ ಪಾದಕ್ಕೆಂದೇ ಪ್ರತ್ಯೇಕ ಬೂಟು ಮಾಡುತ್ತವೆ. ನಮ್ಮವರು ಮೊದಲು ಹುಡುಕಬೇಕಾದದ್ದು ಅದನ್ನು. ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿ ಸರಿಮಾಡಿಕೊಳ್ಳುತ್ತೇನೆ ಎನ್ನುವವರು ಬೆವರಿಗೂ ಸುಕ್ಕಿಗೂ ಜಾಗ ಮಾಡಿಕೊಡುತ್ತಾರೆ. ಒಂದೇ ತೆಳು ಚೀಲ ಸಾಕು.

ಬೂಟು ಕೂತ ಮೇಲೆ ಬೈಂಡಿಂಗ್ ಮಾತು. ಇದರಲ್ಲಿ ಮೊದಲು ನೋಡಬೇಕಾದದ್ದು ಗಡುಸು. ಒಂದರಿಂದ ಹತ್ತರವರೆಗೆ ಅಂಕ ಕೊಡುವುದು ರೂಢಿ. ಒಂದು ಕಂಪನಿಯ ಮೂರು ಇನ್ನೊಂದರ ಐದಕ್ಕೆ ಸಮವಾಗಬಹುದು, ಎಲ್ಲರಿಗೂ ಒಂದೇ ಅಳತೆಗೋಲೇನೂ ಇಲ್ಲ. ಆದರೂ ಕಲಿಯುವವರಿಗೆ ಎರಡರಿಂದ ನಾಲ್ಕರೊಳಗಿನದು ಸಾಕು. ತೂಕ ಹೆಚ್ಚಿರುವವರು ಐದರವರೆಗೆ ಹೋಗಬಹುದು. ಮೃದುವಾದ ಬೈಂಡಿಂಗ್ ಕಣಕಾಲಿನ ಸಣ್ಣಪುಟ್ಟ ತಪ್ಪನ್ನು ನುಂಗಿಕೊಳ್ಳುತ್ತದೆ. ಗಡುಸಾದದ್ದು ಕಾಲಿನ ಪ್ರತಿ ನಡುಕವನ್ನೂ ಹಲಗೆಯ ಅಂಚಿಗೆ ವರದಿ ಮಾಡುತ್ತದೆ. ಮೊದಲ ವಾರದಲ್ಲಿ ಕಾಲು ನಡುಗುವುದೇ ಹೆಚ್ಚು. ಎರಡನೆಯದು ಅಳತೆ. ಬೈಂಡಿಂಗ್‌ಗಳು ಬರುವುದು ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರ್ನಾಲ್ಕು ಅಳತೆಗಳಲ್ಲಿ. ಬೂಟು ಒಳಗೆ ಕೂತಾಗ ಹಿಮ್ಮಡಿ ಹಿಂದಿನ ಬಟ್ಟಲಿಗೆ ಪೂರ್ತಿ ತಾಗಿರಬೇಕು, ಅಕ್ಕಪಕ್ಕ ಅಲುಗಾಡಬಾರದು. ಕಣಕಾಲ ಪಟ್ಟಿಯ ಮೆತ್ತೆ ಬೂಟಿನ ನಡುವೆ ಬರಬೇಕು. ಪಟ್ಟಿ ಬಿಗಿದಾಗ ಹಲ್ಲಿನ ಏಣಿಯ ಕೊನೆಯ ಹಲ್ಲಿಗೆ ಮುಟ್ಟಬಾರದು. ಅಂಕಿಯನ್ನು ಹೇಳಿ ತರಿಸಿಕೊಳ್ಳುವುದಕ್ಕಿಂತ ತನ್ನ ಬೂಟನ್ನೇ ಅದರೊಳಗೆ ಇಟ್ಟು ನೋಡುವುದೇ ಮೇಲು, ಯಾಕೆಂದರೆ ಒಂದೇ ಅಂಕಿಯ ಎರಡು ಬೂಟುಗಳ ಹೊರಮೈ ಗಾತ್ರ ಒಂದೇ ಇರುವುದಿಲ್ಲ. ಅಗಲ ಪಾದದ ಬೂಟಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಬೈಂಡಿಂಗ್ ಇರುವುದು ಬರೀ ಬಣ್ಣಕ್ಕಾಗಿ ಎಂಬ ಅನುಮಾನ ಸಹಜವಾದರೂ ಸರಿಯಲ್ಲ: ಹೆಂಗಸರ ಮೀನಖಂಡ ತುಸು ಕೆಳಗಿನವರೆಗೆ ಇಳಿದಿರುವುದರಿಂದ ಗಂಡಸರ ಎತ್ತರದ ಹೈಬ್ಯಾಕ್ ಅಲ್ಲಿ ಒತ್ತಿ ನೋಯಿಸುತ್ತದೆ.

ಜೋಡಣೆಯ ವಿಷಯಗಳು ಬೆಲೆಯ ಪಟ್ಟಿಯಲ್ಲಿ ಇರುವುದಿಲ್ಲ. ಕಲಿಯುವವರ ದಿನ ಕೆಡುವುದೋ ಚೆನ್ನಾಗಿರುವುದೋ ತೀರ್ಮಾನವಾಗುವುದು ಮಾತ್ರ ಇವುಗಳಿಂದ. ಎಡಗಾಲು ಮುಂದೋ ಬಲಗಾಲು ಮುಂದೋ ಎಂಬುದು ಕೈ ಎಡಚವೋ ಬಲಚವೋ ಎಂಬುದರ ಮೇಲೆ ನಿಂತಿಲ್ಲ. ನುಣುಪಾದ ನೆಲದ ಮೇಲೆ ಕಾಲುಚೀಲದಲ್ಲಿ ಓಡಿಬಂದು ಜಾರಿದಾಗ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದನ್ನು ಮುಂದಿಟ್ಟು ಶುರು ಮಾಡಬಹುದು. ಶಿರಾದ ಯಾವ ರೆಡ್ ಆಕ್ಸೈಡ್ ನೆಲದ ಮೇಲೂ ಈ ಪರೀಕ್ಷೆ ನಡೆಯುತ್ತದೆ, ಹಿಮ ಬೇಕಿಲ್ಲ. ಮುಂಗಾಲಿನ ಬೈಂಡಿಂಗ್ ಅನ್ನು ಹಲಗೆಯ ಮೂತಿಯ ಕಡೆಗೆ 12ರಿಂದ 15 ಡಿಗ್ರಿ ತಿರುಗಿಸಿ, ಹಿಂಗಾಲಿನದನ್ನು ನೇರವಾಗಿ ಇಲ್ಲವೇ ಬಾಲದ ಕಡೆಗೆ 6-9 ಡಿಗ್ರಿ ತಿರುಗಿಸಿ ಇಟ್ಟರೆ ಬಹುಪಾಲು ಮೊಣಕಾಲುಗಳಿಗೆ ಹಿತ. ಎರಡರ ನಡುವಿನ ಅಂತರ ಹೆಗಲಗಲಕ್ಕಿಂತ ತುಸು ಹೆಚ್ಚು. ಹಲಗೆಯ ಮೇಲೆ ತಯಾರಕರೇ ಹಾಕಿದ ಗುರುತು ಇದ್ದೇ ಇರುತ್ತದೆ. ಬೂಟಿನ ಮುಂಚಾಚು, ಹಿಂಚಾಚು ಸಮನಾಗಿರಬೇಕು; ಒಂದು ಕಡೆ ಹೆಚ್ಚಾದರೆ ಆ ಕಡೆ ಬಾಗಿದಾಗ ಬೂಟೇ ಹಿಮಕ್ಕೆ ಉಜ್ಜಿ ಹಲಗೆಯನ್ನು ಎತ್ತಿಹಾಕುತ್ತದೆ. ಹೈಬ್ಯಾಕನ್ನು ಮುಂದಕ್ಕೆ ಬಾಗಿಸುವ ಸೌಲಭ್ಯವನ್ನು ಕಲಿಯುವವರು ಮುಟ್ಟದಿರುವುದೇ ವಾಸಿ. ಅದು ಮೊಣಕಾಲನ್ನು ಸದಾ ಬಗ್ಗಿಸಿಯೇ ಇರಿಸುತ್ತದೆ, ಅರ್ಧ ಗಂಟೆಯಲ್ಲಿ ತೊಡೆ ಉರಿಯುತ್ತದೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಮಿತವ್ಯಯದ್ದು. ಮೃದುವಾದದ್ದನ್ನು ಕೊಂಡು ಎರಡು ವರ್ಷದಲ್ಲಿ ಬಿಸಾಡುವ ಬದಲು ಮೊದಲೇ ಗಡುಸಾದ, ಒಳ್ಳೆಯದನ್ನು ಕೊಂಡರೆ ಹತ್ತು ವರ್ಷ ಬಾಳುತ್ತದಲ್ಲ? ಸೈಕಲ್ಲಿಗೋ ಪಂಪ್‌ಸೆಟ್ಟಿಗೋ ಈ ಲೆಕ್ಕ ಸರಿ. ಇಲ್ಲಿ ಸರಿಯಾಗದಿರುವುದು ಯಾಕೆಂದರೆ ಬಾಳಿಕೆಗೂ ಗಡುಸಿಗೂ ನೇರ ಸಂಬಂಧವಿಲ್ಲ. ಮೃದು ಬೈಂಡಿಂಗ್‌ನಲ್ಲೂ ಬೇಗ ಸವೆಯುವುದು ಪಟ್ಟಿ ಮತ್ತು ಅದನ್ನು ಬಿಗಿಯುವ ರ್ಯಾಚೆಟ್ ಕೊಂಡಿ, ಅವನ್ನು ಬದಲಾಯಿಸಬಹುದು. ಅನುಭವಿಗಳಲ್ಲೂ ಅನೇಕರು, ಅದರಲ್ಲೂ ಕಸರತ್ತು ಮಾಡುವವರು, ಬೇಕೆಂದೇ ಮೃದುವಾದದ್ದನ್ನು ಬಳಸುತ್ತಾರೆ. ಆಕ್ಷೇಪದ ಇನ್ನೊಂದು ರೂಪ ಹೆಚ್ಚು ಗಂಭೀರ: ಮೃದುವೆಂದರೆ ಆಸರೆ ಕಡಿಮೆ, ಕಣಕಾಲು ಮುರಿಯುವುದಿಲ್ಲವೇ? ಸ್ನೋಬೋರ್ಡಿಗರ ಕಣಕಾಲಿಗೇ ವಿಶಿಷ್ಟವಾದ ಒಂದು ಮುರಿತ ಇರುವುದು ನಿಜ. ಟೇಲಸ್ ಎಂಬ ಎಲುಬಿನ ಹೊರ ಚಾಚಿನದು. ಎಕ್ಸ್-ರೇಯಲ್ಲಿ ತಪ್ಪಿಹೋಗಿ ಬರೀ ಉಳುಕೆಂದು ಬಿಟ್ಟುಬಿಡುವ ಸಂಭವ ಹೆಚ್ಚು. ಅಮೆರಿಕದ ಕೊಲರಾಡೊದಲ್ಲಿ 3,213 ಸ್ನೋಬೋರ್ಡಿಂಗ್ ಗಾಯಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೂಟಿನ ಬಗೆಗೂ ಒಟ್ಟು ಪಾದ-ಕಣಕಾಲಿನ ಗಾಯಗಳ ಪ್ರಮಾಣಕ್ಕೂ ಗಣನೀಯ ಸಂಬಂಧ ಕಾಣಲಿಲ್ಲ. ಈ ನಿರ್ದಿಷ್ಟ ಮುರಿತ ಕಡಿಮೆಯಿದ್ದದ್ದು ಮೃದುವೂ ಅಲ್ಲದ, ಗಡುಸೂ ಅಲ್ಲದ ಹೈಬ್ರಿಡ್ ಬೂಟಿನವರಲ್ಲಿ. ಗಡುಸಾದಷ್ಟೂ ರಕ್ಷಣೆ ಹೆಚ್ಚು ಎಂಬುದಕ್ಕೆ ಇಲ್ಲಿ ಆಧಾರವಿಲ್ಲ. ಬಿದ್ದ ಮೇಲೆ ಕುಂಟುತ್ತಲೇ ಇರುವವರು ಉಳುಕೆಂದು ಅರಿಶಿನ ಹಚ್ಚಿಕೊಂಡು ಕೂರದೆ ಸ್ಕ್ಯಾನ್ ಮಾಡಿಸಬೇಕು ಎಂಬುದನ್ನು ಮಾತ್ರ ಈ ಅಧ್ಯಯನದಿಂದ ತಿಳಿಯಬಹುದು.

ಪಟ್ಟಿಯೇ ಇಲ್ಲದ ಬೈಂಡಿಂಗ್‌ಗಳ ಪರ ಇರುವವರ ವಾದ ಇನ್ನೊಂದು ಬಗೆಯದು. ಕಲಿಯುವವರು ಹಿಮದ ಮೇಲೆ ಕುಳಿತು, ಮರಗಟ್ಟಿದ ಬೆರಳುಗಳಿಂದ ಪ್ರತಿ ಸಲ ನಾಲ್ಕು ಪಟ್ಟಿ ಕಟ್ಟಬೇಕೇಕೆ, ತುಳಿದರೆ ಸಿಕ್ಕಿಕೊಳ್ಳುವ ಬೈಂಡಿಂಗ್ ಬಂದಿದೆಯಲ್ಲ ಎನ್ನುತ್ತಾರೆ. 1990ರ ದಶಕದಲ್ಲೇ ಇಂಥವು ಬಂದು, ಕೊಂಡಿಗೆ ಹಿಮ ಮೆತ್ತಿಕೊಳ್ಳುವುದು, ಬೂಟು ಗಡುಸಾಗುವುದು ಮುಂತಾದ ತೊಂದರೆಗಳಿಂದ ಮರೆಯಾದವು. 2017ರಲ್ಲಿ ಬರ್ಟನ್ ಕಂಪನಿ ತಂದ ಸ್ಟೆಪ್ ಆನ್ ಆ ದೋಷಗಳನ್ನು ಬಹುಮಟ್ಟಿಗೆ ನೀಗಿಸಿದೆ: ಬೆರಳಿನ ಕಡೆ ಎರಡು, ಹಿಮ್ಮಡಿಯಲ್ಲಿ ಒಂದು ಕೊಂಡಿ. ಹಿಂದಿನಿಂದ ಕಾಲು ತೂರಿಸುವ ಫ್ಲೋ ಮಾದರಿ ಅದಕ್ಕೂ ಹಳೆಯದು. ಇವು ಸುಲಭ ಎಂಬುದರಲ್ಲಿ ತಕರಾರಿಲ್ಲ, ನಡು ಬಗ್ಗದವರಿಗೆ ವರವೇ ಸರಿ. ಆದರೆ ಸ್ಟೆಪ್ ಆನ್‌ಗೆ ಅದರದೇ ಬೂಟು ಬೇಕು. ಅಂದರೆ ಅಗಲ ಪಾದದವರಿಗೆ ಬೂಟಿನ ಆಯ್ಕೆಯೇ ಕುಗ್ಗಿಹೋಗುತ್ತದೆ. ಪಾದಕ್ಕೆ ತಕ್ಕ ಬೂಟು, ಬೂಟಿಗೆ ತಕ್ಕ ಬೈಂಡಿಂಗ್ ಎಂಬ ಕ್ರಮ ಇಲ್ಲಿ ಮತ್ತೆ ತಿರುವುಮುರುವಾಗುತ್ತದೆ. ಅದರ ಬೂಟುಗಳಲ್ಲೇ ಒಂದು ತನ್ನ ಪಾದಕ್ಕೆ ಕೂತರೆ ಧಾರಾಳವಾಗಿ ಕೊಳ್ಳಲಿ. ಕೂರದಿದ್ದರೆ ಎರಡು ನಿಮಿಷದ ಉಳಿತಾಯಕ್ಕೆ ದಿನಪೂರ್ತಿ ನೋವು.

ಬೈಂಡಿಂಗ್ ಕಳಚುವುದಿಲ್ಲ ಎಂದು ಕೇಳಿದೊಡನೆ ಕೆಲವರಿಗೆ ಹೊಳೆಯುವ ಉಪಾಯ ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಳ್ಳುವುದು, ಬಿದ್ದರೆ ಕಾಲು ಜಾರಿ ಬರಲಿ ಎಂದು. ಇದು ಕೆಟ್ಟ ಉಪಾಯ. ಬೂಟು ಪೂರ್ತಿ ಹೊರಬರುವುದಿಲ್ಲ, ಅರ್ಧ ತಿರುಚಿ ನಿಲ್ಲುತ್ತದೆ; ಹಿಡಿತ ತಪ್ಪಿದ್ದರಿಂದ ಬೀಳುವುದೂ ಹೆಚ್ಚುತ್ತದೆ. ಮೊಣಕಾಲಿಗೆ ಇರುವ ಅಪಾಯ ಬೇರೆ ಕಡೆ ಇದೆ: ಲಿಫ್ಟ್ ಹತ್ತಿ ಇಳಿಯುವಾಗ ಹಿಂಗಾಲನ್ನು ಬಿಚ್ಚಿಕೊಂಡಿರಬೇಕಾಗುತ್ತದೆ, ಆಗ ಒಂದೇ ಕಾಲಿಗೆ ಸಿಕ್ಕ ಹಲಗೆ ಉದ್ದನೆಯ ಸನ್ನೆಕೋಲಿನಂತೆ ತಿರುಚುತ್ತದೆ. ಒಂಟಿಕಾಲಿನಲ್ಲಿ ಜಾರುವುದನ್ನು ಸಮತಟ್ಟಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡದೆ ಲಿಫ್ಟ್ ಹತ್ತಬಾರದು. ಇನ್ನು ಹೊಸಬರಿಗೆ ಅತಿ ಹೆಚ್ಚು ಪೆಟ್ಟಾಗುವ ಜಾಗ ಕಾಲೇ ಅಲ್ಲ, ಮಣಿಕಟ್ಟು. ಕಾಲು ಬಂಧಿಯಾಗಿರುವಾಗ ಬೀಳುವವನು ಕೈಯೂರುವುದು ಸಹಜ. ನಾರ್ವೆಯ ಹಾಫ್ಯೆಲ್‌ನಲ್ಲಿ 5,029 ಸ್ನೋಬೋರ್ಡಿಗರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಣಿಕಟ್ಟಿನ ಕವಚ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು: ಕವಚ ತೊಟ್ಟವರಲ್ಲಿ 8 ಮಂದಿಗೆ, ತೊಡದವರಲ್ಲಿ 29 ಮಂದಿಗೆ ಮಣಿಕಟ್ಟಿನ ಗಾಯ. ಅಮೆರಿಕದ ಮಾರುಕಟ್ಟೆಯಲ್ಲಿ ಹೊಸಬರ ಬೈಂಡಿಂಗ್‌ಗೂ ಮೇಲ್ದರ್ಜೆಯದಕ್ಕೂ ಇರುವ ಅಂತರ 200 ಡಾಲರಿಗಿಂತ ಹೆಚ್ಚು. ಆ ಅಂತರದ ಒಂದು ಸಣ್ಣ ಪಾಲಿನಲ್ಲಿ ಒಂದು ಜೊತೆ ಕವಚ ಬರುತ್ತದೆ. ಸುರಕ್ಷತೆಯ ಹೆಸರಲ್ಲಿ ಖರ್ಚು ಮಾಡುವುದಾದರೆ ಎಲ್ಲಿ ಮಾಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಾರದು.

ಹಾಗಾದರೆ ಮೃದುವಾದ, ಅಳತೆಗೆ ಸರಿಯಾದ ಬೈಂಡಿಂಗ್ ಒಂದನ್ನು ಕೊಂಡುಬಿಡೋಣವೇ? ಮೊದಲ ವರ್ಷ ಅದೂ ಬೇಡ. ಬೂಟು ಕೊಳ್ಳಿ, ಬೈಂಡಿಂಗ್ ಮತ್ತು ಹಲಗೆ ಬಾಡಿಗೆಗೆ ಸಿಗುತ್ತವೆ. ಬಾಡಿಗೆಯದು ಕಳಪೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ಆ ಕಳಪೆತನ ಅತಿ ಹೆಚ್ಚು ಕಾಡುವುದು ಬೂಟಿನಲ್ಲಿ. ಹತ್ತಾರು ಪಾದಗಳಿಗೆ ಹಿಗ್ಗಿ, ಒಳಮೆತ್ತೆ ಸೋತು, ತೇವ ಹಿಡಿದ ಬೂಟು. ಸ್ವಂತ ಬೂಟು ಕೈಚೀಲದಲ್ಲಿ ಹಿಡಿಸುತ್ತದೆ, ರೈಲಿನಲ್ಲೂ ವಿಮಾನದಲ್ಲೂ ಬರುತ್ತದೆ. ಸ್ವಂತ ಬೈಂಡಿಂಗ್ ಒಯ್ದರೆ ಮಾತ್ರ ಇನ್ನೊಂದು ತೊಡಕು: ಬೈಂಡಿಂಗ್‌ನ ನಡುವಿನ ತಟ್ಟೆಯನ್ನು ಹಲಗೆಗೆ ತಿರುಪಿನಿಂದ ಕೂರಿಸಬೇಕು, ಹಲಗೆಯಲ್ಲಿರುವ ತೂತುಗಳ ವಿನ್ಯಾಸ ಒಂದೇ ಬಗೆಯದಲ್ಲ. 4 ಸೆಂಟಿಮೀಟರ್ ಅಂತರದ ನಾಲ್ಕು ತೂತು, 2 ಮತ್ತು 4 ಸೆಂಟಿಮೀಟರ್ ಅಂತರದವು, ಬರ್ಟನ್ನಿನ ಹಳೆಯ ತ್ರಿಕೋನ ವಿನ್ಯಾಸ, ಅದರದೇ ಹೊಸ, ಉದ್ದ ತೋಡಿನ ವಿನ್ಯಾಸ. ಗುಲ್ಮಾರ್ಗ್‌ನ ಬಾಡಿಗೆ ಅಂಗಡಿಯಲ್ಲಿ ಆ ದಿನ ಸಿಗುವ ಹಲಗೆಗೆ ನಿಮ್ಮ ತಟ್ಟೆ ಹೊಂದೀತೆಂಬ ಖಾತ್ರಿ ಯಾರೂ ಕೊಡಲಾರರು. ಹಿಮದ ಖಾತ್ರಿಯೂ ಈಗ ಇಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್ ಹಿಮವಿಲ್ಲದೆ ಕಂದುಬಣ್ಣದಲ್ಲಿ ಬಿದ್ದಿತ್ತು. 2025ರ ಖೇಲೊ ಇಂಡಿಯಾ ಕೂಟದ ಗುಲ್ಮಾರ್ಗ್ ಹಂತವನ್ನು ಹಿಮದ ಕೊರತೆಯಿಂದಾಗಿ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ರಾಷ್ಟ್ರೀಯ ಕೂಟಕ್ಕೇ ಕಾಯದ ಹಿಮ ನಮ್ಮ ಒಂದು ವಾರದ ರಜೆಗೆ ಕಾದೀತೆಂದು ನಂಬಿ ಆಮದು ಸುಂಕ ತೆತ್ತು ಸಾಮಾನು ತರಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆಯೇ.

ಬಾಡಿಗೆ ಅಂಗಡಿಯಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ, ನೋಡುವವರು ಮಾತ್ರ ಕಡಿಮೆ. ಪಟ್ಟಿಯ ಹಲ್ಲುಗಳು ಸವೆದು ದುಂಡಗಾಗಿದ್ದರೆ ರ್ಯಾಚೆಟ್ ನಡುದಾರಿಯಲ್ಲಿ ಜಾರುತ್ತದೆ. ಬಿಗಿದು, ಜೋರಾಗಿ ಮೇಲಕ್ಕೆಳೆದು ನೋಡಬೇಕು. ಬೆರಳ ಪಟ್ಟಿ ಬೂಟಿನ ತುದಿಯನ್ನು ಹಿಂದಕ್ಕೆ ತಳ್ಳಿ ಹಿಮ್ಮಡಿಯನ್ನು ಬಟ್ಟಲಿಗೆ ಕೂರಿಸುವಂತಿರಬೇಕು. ಹೈಬ್ಯಾಕಿನಲ್ಲಿ, ತಳದಲ್ಲಿ ಬಿರುಕಿದೆಯೇ ನೋಡಬೇಕು. ಪ್ಲಾಸ್ಟಿಕ್ ಚಳಿಯಲ್ಲಿ ಹೆಚ್ಚು ಪೆಡಸಾಗುತ್ತದೆ. ಎರಡೂ ಬೈಂಡಿಂಗ್ ಬಾಲದಿಂದ ಮೂತಿಯ ಕಡೆಗೇ ತಿರುಗಿದ್ದರೆ ಹಿಂಗಾಲಿನದನ್ನು ಬದಲಾಯಿಸಿಕೊಡಲು ಕೇಳಬೇಕು, ಐದು ನಿಮಿಷದ ಕೆಲಸ, ಸಂಕೋಚ ಬೇಡ. ಸರಿಯಾಗಿ ಜೋಡಿಸಿದ ತಿರುಪು ಕೂಡ ಮೊದಲ ಕೆಲವು ಗಂಟೆಗಳ ಅದುರಿಗೆ ಸಡಿಲಾಗುವುದುಂಟು. ಮಧ್ಯಾಹ್ನ ಊಟಕ್ಕೆ ನಿಂತಾಗ ಮತ್ತೊಮ್ಮೆ ಬಿಗಿಸಬೇಕು, ಅದಕ್ಕೆ ದಪ್ಪ ತುದಿಯ ಸ್ಕ್ರೂಡ್ರೈವರ್ ಒಂದು ಸಾಕು. ಕಾಲಿಡುವ ಮುಂಚೆ ಪ್ರತಿ ಸಲವೂ ತಳದ ಹಿಮವನ್ನು ಕೆರೆದು ತೆಗೆಯಬೇಕು. ಅಂಗುಲದಷ್ಟು ಹಿಮ ಒಳಗೆ ಉಳಿದರೆ ಬೂಟು ಅದರ ಮೇಲೆ ಕೂತು, ಅದು ಕರಗಿದಂತೆ ಪಟ್ಟಿ ಸಡಿಲಾಗುತ್ತ ಹೋಗುತ್ತದೆ.

ಸ್ವಂತ ಬೈಂಡಿಂಗ್ ಕೊಳ್ಳುವ ಹೊತ್ತು ಬರುವುದು ಎರಡೂ ಅಂಚುಗಳ ಮೇಲೆ ತಿರುವುಗಳನ್ನು ಒಂದಕ್ಕೊಂದು ಜೋಡಿಸಿ, ನಡುವೆ ಕೂರದೆ ಇಳಿಜಾರು ಇಳಿಯಲು ಬಂದಾಗ. ಆಗ ತನಗೇ ಗೊತ್ತಿರುತ್ತದೆ: ತಾನು ಎಡಗಾಲು ಮುಂದಿಡುವವನೋ ಬಲಗಾಲಿನವನೋ, ಯಾವ ಕೋನಕ್ಕೆ ಮೊಣಕಾಲು ಒಪ್ಪಿತು, ಬಾಡಿಗೆಯದರಲ್ಲಿ ಯಾವ ಪಟ್ಟಿ ಎಲ್ಲಿ ಒತ್ತಿತು. ಬೂಟಂತೂ ಕೈಯಲ್ಲೇ ಇದೆ. ಕೊಳ್ಳಲು ಹೋದಾಗ ಅದನ್ನು ತೊಟ್ಟೇ ಹೋಗಬೇಕು, ಅಂತರ್ಜಾಲದಲ್ಲಿ ತರಿಸುವುದಾದರೆ ಬೂಟಿನ ಹೊರಗಿನ ಉದ್ದ-ಅಗಲ ಅಳೆದು ಬರೆದಿಟ್ಟುಕೊಂಡು ಕೇಳಬೇಕು, ಮತ್ತು ಎಲ್ಲ ಬಗೆಯ ತೂತುಗಳಿಗೂ ಹೊಂದುವ ತಟ್ಟೆ ಜೊತೆಗೆ ಬರುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮುಂಚೆ ವಿಚಾರಿಸಿಕೊಳ್ಳಬೇಕು.